ನನ್ನ ಬಾಗಿಲು ತಟ್ಟಿದ್ದು

ಮಾರ್ಚ್ ೧೧, ಬುಧವಾರ

ಇವತ್ತೂ ಅದೇ ಎಡವಟ್ಟು. ಬೀಗದ ಕೈ ಹಿಡಿದುಕೊಂಡೇ ನನ್ನ ಬಾಗಿಲನ್ನು ನಾನೇ ತಟ್ಟಿ, ಒಳಗಿನಿಂದ ಯಾರಾದರೂ "ಬನ್ನಿ" ಎನ್ನಲಿ ಎಂದು ಕಾದು ನಿಂತೆ. ಹದಿನೆಂಟು ವರ್ಷ ಕಂಡವರ ಮನೆಯಲ್ಲೇ ಉಳಿದು ರೋಗಿಗಳನ್ನು ನೋಡಿಕೊಂಡ ನರ್ಸಿನ ಕೈ ಇದು, ಅಷ್ಟು ಬೇಗ ಎಲ್ಲಿ ಮರೆಯುತ್ತದೆ?

ಎದುರುಮನೆಯ ಅಜ್ಜಿ ಇಣುಕಿದರು. "ಯಾರು ಬೇಕಿತ್ತಮ್ಮ? ಅಲ್ಲಿಗೆ ಹೊಸಬರು ಬಾಡಿಗೆಗೆ ಬಂದಿದಾರೆ."

"ಅದು ನಾನೇ ಅಜ್ಜಿ."

ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಒಂದೇ ಕೋಣೆ, ಕುರ್ಚಿಯೂ ಇಲ್ಲ. ಮಂಚದ ಮೇಲೆ ಕೂತೇ ಒಲೆಯ ಹಾಲು ಕಾಯಬಹುದು. ಸಂಜೆಯ ಬಿಸಿಲು ಗೋಡೆ ಹತ್ತಿ, ಒಂಟಿ ಲೋಟದ ಮೇಲೆ ತುಸು ಕೂತು, ಹೇಳದೆ ಹೋಯಿತು. ಯಾರ ಕೆಮ್ಮೂ ಇಲ್ಲ. ನೀರಿನ ಮೇಲೆ ಕೋಣೆಯೇ ತೇಲುತ್ತಿರುವ ಹಾಗೆ.

ಅಕ್ಕನ ಫೋನು: "ಒಬ್ಬಳೇ ಅಲ್ಯಾಕೆ? ನಮ್ಮನೆಗೇ ಬಂದ್ಬಿಡು." ಅವಳ ಅತ್ತೆ ಹಾಸಿಗೆ ಹಿಡಿದಿರುವ ಸಂಗತಿ ಆಮೇಲೆ ಬಂತು. ನಾಳೆ ಹೇಳುತ್ತೇನೆ ಎಂದೆ.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಮನೆಯವರು ಮಾತಾಡಲಿ ಎಂದು ಸುಮ್ಮನೆ ಕೂತಿದ್ದೆ. ಮತ್ತೆ ತಟ್ಟಿದರು. ಮನೆಯವಳು ನಾನೇ ಎಂದು ಆಗ ಹೊಳೆಯಿತು.

"ಬನ್ನಿ," ಎಂದೆ.

ಎದುರುಮನೆಯ ಅಜ್ಜಿ ತಮ್ಮ ಮನೆಯ ಕುರ್ಚಿಯನ್ನು ತಾವೇ ಎಳೆದುಕೊಂಡು ಒಳಗೆ ಬಂದರು.

ಕಣ್ಣು ಎಳೆಯುತ್ತಿದೆ. ನಾಳೆ ಅಕ್ಕನಿಗೂ ಅದನ್ನೇ ಹೇಳಬೇಕು: ನೀನೇ ಬಾ, ಬರುವಾಗ ಕುರ್ಚಿ...