ನೀಲಾಂಬಿಕೆಗೆ ಬಿಟ್ಟ ಚೆಂಡು

ವಿಜಯಪುರ
2203ನೇ ಇಸವಿ, ಎರಡನೇ ಬೇಸಿಗೆಯ ಮೊದಲ ವಾರ

ನನಗಿಂತ ಬಹಳ ಹಿಂದೆ ಈ ಊರಲ್ಲಿ ಟೆನಿಸ್ ಆಡುತ್ತಿರುವವರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ನಮಗೆ ಈಗ ವರ್ಷಕ್ಕೆ ಎರಡು ಬೇಸಿಗೆ; ಮಳೆ ನಡುವೆ ಬಂದು ಹೋಗುತ್ತದೆ. ನನ್ನ ಕೆಲವು ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾನು ಏಳನೇ ತರಗತಿಯವರೆಗೆ ಓದಿದವನು, ದಿನಚರಿ ಬಿಟ್ಟು ಬೇರೇನೂ ಬರೆದು ರೂಢಿಯಿಲ್ಲ. ಈ ಪತ್ರ ನಿಮಗೆ ಹೇಗೆ ತಲುಪೀತು ಎಂಬುದೂ ತಿಳಿಯದು. ಆದರೆ ನಿಮಗೆ ಹೇಳಬೇಕಾದ ಉಪಕಾರ ನೆನೆಯುವ ಮಾತನ್ನು ನನ್ನಲ್ಲೇ ಇಟ್ಟುಕೊಂಡು ಹೋಗಲು ಮನಸ್ಸಿಲ್ಲ.

ಹಗಲಿನಲ್ಲಿ ನಾವು ಹೊರಗೆ ಬರುವುದಿಲ್ಲ. ಸೂರ್ಯ ಇಳಿದ ಮೇಲೆ ಊರಿನ ಕಹಳೆ ಊದುತ್ತಾರೆ. ಆಗ ಶುರುವಾಗುವ ಹೊತ್ತನ್ನು ತಂಪುಗಂಟೆ ಎನ್ನುತ್ತೇವೆ. ಸಂತೆ, ಮದುವೆ, ಜಗಳ, ಟೆನಿಸ್ ಎಲ್ಲ ಅದರೊಳಗೇ ಮುಗಿಯಬೇಕು. ಕುಡಿಯಲು ಹಬೆನೀರು, ಅಂದರೆ ಗಾಳಿಯಿಂದ ಹಿಂಡಿ ತೆಗೆದದ್ದು. ಅದನ್ನು ನೆಲಕ್ಕೆ ಚೆಲ್ಲುವಂತಿಲ್ಲ. ಹಾಗಾಗಿ ಮನೆಮನೆಯಿಂದ ಬಟ್ಟೆ ಒಗೆದ ನೀರು ತಂದು ಕೋರ್ಟಿಗೆ ಚಿಮುಕಿಸುತ್ತೇವೆ. ನಮ್ಮ ಕೋರ್ಟಿನಲ್ಲಿ ಸದಾ ಸಾಬೂನಿನ ವಾಸನೆ. ಈ ಕಪ್ಪು ನೆಲದ ಊರಿಗೆ ಕೆಂಪು ಮಣ್ಣು ಹೇರಿ ತಂದು ಹಾಸಿದವರು ನಿಮ್ಮ ಕಾಲದವರೇ. ಗೆರೆ ನೋಡುವ ಯಂತ್ರ ನಮ್ಮಲ್ಲಿಲ್ಲ. ಚೆಂಡು ಯಾರ ಕಡೆ ಬಿತ್ತೋ ಅವರೇ ಒಳಗೋ ಹೊರಗೋ ಹೇಳಬೇಕು, ಎದುರಿನವರು ಒಪ್ಪಬೇಕು.

ವರ್ಷದ ಆಟ ಶುರುವಾಗುವ ಸಂಜೆ ನಮ್ಮಲ್ಲೊಂದು ಪದ್ಧತಿ ಇದೆ. ಅದಕ್ಕೆ ಬಿಟ್ಟ ಚೆಂಡು ಎಂದು ಹೆಸರು. ಕೋರ್ಟನ್ನು ಕಾಪಾಡಿ, ಕಲಿಸಿ ಹೋದವರ ಹೆಸರು ಕೂಗಿ, ಒಬ್ಬೊಬ್ಬರಿಗೂ ನೆಟ್ಟಿನಾಚೆಯ ಖಾಲಿ ಅಂಗಳಕ್ಕೆ ಒಂದು ಸರ್ವ್ ಹೊಡೆಯುತ್ತೇವೆ. ಅದನ್ನು ಯಾರೂ ವಾಪಸ್ ಹೊಡೆಯುವುದಿಲ್ಲ. ನಿಮ್ಮ ನಡುವೆ ಇರುವ ಇಬ್ಬರ ಹೆಸರು ಇಂದಿಗೂ ಕೂಗುತ್ತೇವೆ. ಒಬ್ಬರು ಮಾಬುಸಾಬ. ದೊಡ್ಡವರು ಬರುವ ಮೊದಲು ಓಣಿಯ ಮಕ್ಕಳಿಗೆ ಗೇಟು ತೆಗೆದು, ಸವೆದ ಚೆಂಡು ಕೊಟ್ಟು ಆಡಿಸಿ, ಅವರ ಹೆಜ್ಜೆ ಕಾಣದಂತೆ ನೆಲ ಗುಡಿಸುವವರು. ಇನ್ನೊಬ್ಬರು ಶಾಂತಾಬಾಯಿ ಟೀಚರ್. ಹರಿದ ನೆಟ್ಟಿಗೆ ತಾವೇ ಗಂಟು ಹಾಕುವವರು, ಶಾಲೆ ಬಿಟ್ಟ ಕೂಡಲೇ ಹುಡುಗಿಯರನ್ನು ಕೋರ್ಟಿಗೆ ಕರೆತರುವವರು. ತಾಯಂದಿರು ಬೈದರೆ, ಕತ್ತಲಾಗುವುದರೊಳಗೆ ನಾನೇ ಮನೆಗೆ ಮುಟ್ಟಿಸುತ್ತೇನೆ ಎನ್ನುತ್ತಿದ್ದರಂತೆ. ಆ ಹುಡುಗಿಯರು ತಮ್ಮ ಮಕ್ಕಳಿಗೆ ಕಲಿಸಿದರು, ಆ ಮಕ್ಕಳು ಮುಂದಿನವರಿಗೆ. ಹಾಗೆ ಆಟ ನನ್ನ ಹೆಂಡತಿಯವರೆಗೆ ಬಂತು.

ನೀಲಾಂಬಿಕಾ ಈ ಮಳೆಗಾಲದಲ್ಲಿ ತೀರಿಕೊಂಡಳು. ಊರಿನ ಅರ್ಧ ಮಂದಿಗೆ ಬ್ಯಾಕ್‌ಹ್ಯಾಂಡ್ ಕಲಿಸಿದವಳು ಅವಳೇ. ಆದರೆ ಹೊಸ ಹೆಸರು ಸೇರಬೇಕಾದರೆ ಪಂದ್ಯದಲ್ಲಿ ಎದುರಾಳಿಯಾಗಿದ್ದವರೇ ಕೂಗಬೇಕು. ಶಿಷ್ಯರಿಗೆ ಆ ಹಕ್ಕಿಲ್ಲ. ಮನೆಯವರು ಕೇಳಿಕೊಳ್ಳುವಂತೆಯೂ ಇಲ್ಲ. ತೀರಿಕೊಂಡ ಮೇಲೆ ಬರುವ ಮೊದಲ ಬಿಟ್ಟ ಚೆಂಡಿನ ಸಂಜೆ ಯಾರೂ ಕೂಗದಿದ್ದರೆ ಮುಗಿಯಿತು, ಆ ಹೆಸರು ಮತ್ತೆಂದೂ ಸೇರುವುದಿಲ್ಲ. ಅವಳ ಎದುರಾಳಿಗಳಲ್ಲಿ ಉಳಿದಿದ್ದವರು ಸುಗಲಾಬಾಯಿ ಒಬ್ಬರೇ. ಯಾವುದೋ ಫೈನಲ್‌ನಲ್ಲಿ ಸುಗಲಾಬಾಯಿ ಹೊಡೆದ ಕೊನೆಯ ಚೆಂಡನ್ನು ಇವಳು ಹೊರಗೆ ಎಂದಿದ್ದಳು. ಅವರು ಒಪ್ಪಲಿಲ್ಲ, ಇವಳು ಬಿಡಲಿಲ್ಲ. ಅಲ್ಲಿಂದ ಮುಂದೆ ಒಂದೇ ಕೊಡದ ನೀರು ಚಿಮುಕಿಸಿದರೂ ಮಾತಾಡಲಿಲ್ಲ. ಅವಳನ್ನು ಮಣ್ಣು ಮಾಡುವಾಗಲೂ ಸುಗಲಾಬಾಯಿ ಬರಲಿಲ್ಲ.

ನಿನ್ನೆ ಆ ಸಂಜೆ. ಹಳೆಯ ಹೆಸರುಗಳೆಲ್ಲ ಮುಗಿದವು. ಹೊಸದು ಯಾವುದಾದರೂ ಇದೆಯೇ ಎಂದು ಹಿರಿಯರು ಕೇಳಿದರು. ಅವಳ ಶಿಷ್ಯರು ತಲೆ ತಗ್ಗಿಸಿದರು. ನಾನು ಬೇಲಿಯ ಕಡೆ ನೋಡುತ್ತಿದ್ದೆ. ಆಗ ಸುಗಲಾಬಾಯಿ ಮಂಡಿ ಹಿಡಿದುಕೊಂಡು ಎದ್ದರು, ಪಕ್ಕದ ಹುಡುಗಿಯ ರಾಕೆಟ್ ತೆಗೆದುಕೊಂಡರು, ನೀಲಾಂಬಿಕಾ ಎಂದು ಕೂಗಿ ಹೊಡೆದರು. ಚೆಂಡು ಗೆರೆಯ ಹತ್ತಿರ ಬಿತ್ತು. ಜನ ಚಪ್ಪಾಳೆ ತಟ್ಟುವಷ್ಟರಲ್ಲಿ ಅವರು ಕೈ ಎತ್ತಿದರು.

"ತಡೀರಿ. ಅದು ಹೊರಗ ಬಿತ್ತು."

ಗೆರೆಗೆ ತಾಗಿದ್ದು ಕಂಡೆ ಎಂದು ಒಬ್ಬರೆಂದರು. ಬಿಟ್ಟ ಚೆಂಡಿಗೆ ಒಳಗೆ ಹೊರಗೆ ಏನು ಬಂತು ಬಾಯಿ, ಕೂತುಕೊಳ್ಳಿ ಎಂದರು ಹಿರಿಯರು.

"ಆಕಿ ಕಡೆ ಬಿದ್ದದ್ದು ಆಕಿನ ಹೇಳ್ಬೇಕಲ್ರಿ. ಇದ್ದಿದ್ರ ಹೊರಗ ಅಂತಿದ್ಲು. ನಾ ಒಪ್ಪೀನಿ. ಇನ್ನೊಂದು ಚೆಂಡು ಕೊಡವಾ."

ಎರಡನೆಯದು ನಡುವೆ ಬಿತ್ತು, ಎಲ್ಲರೂ ಕಾಣುವಂತೆ. ಅದು ಬೇಲಿಯವರೆಗೆ ಉರುಳಿ ನಿಲ್ಲುವ ತನಕ ಯಾರೂ ಕದಲಲಿಲ್ಲ. ಸುಗಲಾಬಾಯಿ ಬಂದು ನನ್ನ ಪಕ್ಕದಲ್ಲಿ ಕೂತರು. ಇನ್ನು ನಾನಿಲ್ಲದ ವರ್ಷಗಳಲ್ಲೂ ಈ ಊರು ಅವಳ ಹೆಸರು ಕೂಗುತ್ತದೆ.

ನಿಮ್ಮಲ್ಲಿ ಒಂದು ಬೇಡಿಕೆ. ಮಾಬುಸಾಬ ಈಗ ನಿಮ್ಮ ಕೋರ್ಟಿನಲ್ಲೇ ಇದ್ದಾರೆ. ಶಾಂತಾಬಾಯಿ ಟೀಚರ್ ನೆಟ್ಟು ಬಿಗಿಯುತ್ತಿರಬಹುದು. ಅವರ ಕೈಗೊಂದು ರಾಕೆಟ್ ಕೊಟ್ಟು ನೀವು ಈಚೆ ಕಡೆ ನಿಲ್ಲಿರಿ. ಅವರು ಹೊಡೆದ ಚೆಂಡನ್ನು ವಾಪಸ್ ಹೊಡೆಯಿರಿ. ಬೇಕಾದರೆ ಗೆರೆಗಾಗಿ ಜಗಳವನ್ನೂ ಆಡಿರಿ, ಆದರೆ ಕತ್ತಲಾಗುವುದರೊಳಗೆ ಮುಗಿಸಿಕೊಳ್ಳಿ. ನಮ್ಮಿಂದ ಅವರಿಗೆ ಹೆಸರು ಕೂಗುವುದಷ್ಟೇ ಆಗುತ್ತದೆ.

ನಿಮ್ಮ ಮಣ್ಣಿನ ಮೇಲೆ ನಿಂತಿರುವ,
ಬಸಲಿಂಗ