ಮೊದಲ ಬ್ಯಾಚ್

ಜೂನ್ 3, ಮಂಗಳವಾರ

ಇವತ್ತೂ ಫೈಲುಗಳ ರಾಶಿ. ಹಸಿರು ಜಾಸ್ತಿ, ಹಳದಿ ಸ್ವಲ್ಪ, ಕೆಂಪು ಒಂದೂ ಇಲ್ಲ.

ಕೆಲಸಕ್ಕೆ ಸೇರುವವರು ಅರ್ಜಿಯಲ್ಲಿ ಬರೆದದ್ದು ನಿಜವೋ ಸುಳ್ಳೋ ಎಂದು ಊರೆಲ್ಲ ಫೋನ್ ಮಾಡಿ ಕೇಳುವುದು ನನ್ನ ಉದ್ಯೋಗ. ನಿಜವಾದರೆ ಹಸಿರು. ಉತ್ತರ ಬಾರದಿದ್ದರೆ ಹಳದಿ. ಸುಳ್ಳಾದರೆ ಕೆಂಪು. ಟ್ರಾಫಿಕ್ ಪೊಲೀಸ್ ಮಾಡುವುದೂ ಇಷ್ಟೇ. ಅವನಿಗೆ ಟೋಪಿಯಾದರೂ ಇದೆ.

ಮಧ್ಯಾಹ್ನ ಒಂದು ಕಂಪನಿಗೆ ಫೋನ್ ಮಾಡಿದೆ. ಗಂಡಸಿನ ದನಿ. "ಹೌದು ಮೇಡಂ, ನಮ್ಮಲ್ಲೇ ಇದ್ರು, ತುಂಬಾ ಒಳ್ಳೆ ಹುಡುಗ." ಮುಂದಿನ ಫೈಲು, ಬೇರೆ ಕಂಪನಿ, ಬೇರೆ ನಂಬರು. ಅದೇ ದನಿ, ಅದೇ ಕೆಮ್ಮು. ಹಿಂದೆ ಅದೇ ಮಗು ಅಳುತ್ತಿತ್ತು. "ಹೌದು ಮೇಡಂ, ನಮ್ಮಲ್ಲೇ ಇದ್ರು…"

ಟೀಮ್ ಲೀಡ್‌ಗೆ ಹೇಳಿದೆ. ಎಲ್ಲದಕ್ಕೂ "ಕ್ಲೋಸ್ ಮಾಡು" ಅನ್ನುತ್ತಾರೆಂದು ನಾವು ಇಟ್ಟ ಹೆಸರು ಕ್ಲೋಸ್ ಮೇಡಂ.

"ಉತ್ತರ ಬಂತಲ್ವಾ? ಕ್ಲೋಸ್ ಮಾಡಮ್ಮ."

"ಎರಡೂ ಕಡೆ ಒಬ್ನೇ ಮಾತಾಡಿದ್ದು ಮೇಡಂ."

"ದನಿ ಚೆಕ್ ಮಾಡಿ ಅಂತ ಕ್ಲೈಂಟ್ ಕೇಳಿದಾರಾ? ಇಲ್ವಲ್ಲ."

ಎರಡೂ ಹಸಿರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಜ್ಜಿ: "ಇವತ್ತಾದ್ರೂ ಕಳ್ಳ ಸಿಕ್ಕಿದ್ನೇನೆ?" ನಾನು ಓದಿದ್ದು ಕಳ್ಳರನ್ನು ಹಿಡಿಯುವ ಓದು ಎಂದು ಅಜ್ಜಿಯ ತಲೆಯಲ್ಲಿ ಕೂತುಬಿಟ್ಟಿದೆ. ತಪ್ಪು ಅಜ್ಜಿಯದಲ್ಲ. ಬ್ರೋಷರಿನಲ್ಲಿ ಹಾಗೇ ಇತ್ತು. ಬಿಳಿ ಕೋಟು, ಭೂತಗನ್ನಡಿ, ನೀಲಿ ಬೆಳಕು. ಫೊರೆನ್ಸಿಕ್ ಅನಲಿಟಿಕ್ಸ್: ನಾಳೆಯ ಪದವಿ, ಇಂದೇ.

ನಾಳೆ ಇನ್ನೂ ಬಂದಿಲ್ಲ.

ಜೂನ್ 5, ಗುರುವಾರ

ಪೌಡರ್‌ನ ಫೈಲು ಬಂತು. ನನಗೇ ಬರಬೇಕೇ!

ಕಾಲೇಜಿನಲ್ಲಿ ನಮ್ಮ ಕ್ಲಾಸಿಗೆ ಫಸ್ಟ್. ಬೆರಳಚ್ಚು ಎತ್ತುವ ಕಪ್ಪು ಪುಡಿ ಮೂರು ವರ್ಷವೂ ಅವನ ಶರ್ಟಿನ ತೋಳಿಂದ ಹೋಗಲಿಲ್ಲ, ಅದಕ್ಕೇ ಪೌಡರ್. ನಮ್ಮದು ಆ ಕೋರ್ಸಿನ ಮೊದಲ ಬ್ಯಾಚ್. ಕೋರ್ಸು ಮುಗಿದ ಮೇಲೆ ಯಾರು ಎಲ್ಲಿಗೆ ಹೋದರೋ… ಒಬ್ಬಳು ಬ್ಯೂಟಿ ಪಾರ್ಲರ್ ಇಟ್ಟಳು, ಒಬ್ಬ ಮಾಲ್‌ನಲ್ಲಿ ಕ್ಯಾಮೆರಾ ನೋಡುತ್ತ ಕೂತ. ಅವನದು ಮಾತ್ರ ಗೊತ್ತಿರಲಿಲ್ಲ.

ಈಗ ಗೊತ್ತಾಯಿತು. ದೊಡ್ಡ ಇನ್ಶೂರೆನ್ಸ್ ಕಂಪನಿಯಲ್ಲಿ ಸೆಲೆಕ್ಟ್ ಆಗಿದ್ದಾನೆ. ಬೆಂಕಿ, ಆಕ್ಸಿಡೆಂಟು, ಕಳವು — ಕ್ಲೈಮು ನಿಜವೋ ಅಲ್ಲವೋ ಎಂದು ಜಾಗಕ್ಕೆ ಹೋಗಿ ಪತ್ತೆ ಮಾಡುವ ಕೆಲಸ. ನಾವು ಓದಿದ್ದೇ ಕೆಲಸ. ನಮ್ಮ ಇಡೀ ಬ್ಯಾಚಿನಲ್ಲಿ ಒಬ್ಬನಿಗೆ.

ಖುಷಿಯಾಯಿತು ಎಂದು ಬರೆಯಬೇಕು. ಹೊಟ್ಟೆ ಉರಿಯಿತು. ಸ್ವಲ್ಪ ಹೊತ್ತಾದ ಮೇಲೆ ಖುಷಿಯೂ ಆಯಿತು, ಅದೂ ನಿಜ.

ಗೊತ್ತಿರುವವರ ಫೈಲು ಬಂದರೆ ಮೇಡಂಗೆ ಹೇಳಿ ಬೇರೆಯವರಿಗೆ ಕೊಡಬೇಕು. ರೂಲ್. ಹೇಳಲಿಲ್ಲ. ಅವನದನ್ನು ಹಸಿರು ಮಾಡುವ ಕೈ ನನ್ನದೇ ಆಗಿರಲಿ ಅನ್ನಿಸಿತು.

ಜೂನ್ 9, ಸೋಮವಾರ

ಪೌಡರ್ ಒಂದು ಅಕ್ಷರವೂ ಸುಳ್ಳು ಬರೆದಿಲ್ಲ. ಹಿಂದಿನ ಕೆಲಸ ಎಂಬಲ್ಲಿ: "ಸೇಲ್ಸ್‌ಮನ್, ಸೋದರಮಾವನ ಪೇಂಟ್ ಅಂಗಡಿ." ಬೇರೆಯವರಾಗಿದ್ದರೆ "ಕಲರ್ ಕನ್ಸಲ್ಟೆಂಟ್" ಎಂದು ಬರೆಯುತ್ತಿದ್ದರು.

ಅಂಗಡಿಗೆ ಫೋನ್ ಮಾಡಿದೆ. ಮಾವನೇ ಎತ್ತಿದರು.

"ಅವ್ನ ಬಗ್ಗೆ ಏನಮ್ಮ ಕೇಳ್ತೀರಾ? ಗಿರಾಕಿ ಗೋಡೆಯಿಂದ ಕಿತ್ತ ಒಂದು ಚಕ್ಕೆ ತಂದ್ರೆ ಸಾಕು, ನೋಡಿ ಅದೇ ಬಣ್ಣ ಕಲಸಿಕೊಡ್ತಾನೆ. ಕಾಲೇಜಲ್ಲಿ ಕಲ್ತಿದ್ದಂತೆ. ನಾನಂದೆ, ಅಲ್ಲೋ, ಇದಕ್ಕೆ ಕಾಲೇಜು ಯಾಕೋ, ಮೊದ್ಲೇ ನನ್ನ ಹತ್ರ ಬರಬಾರ್ದಿತ್ತಾ ಅಂತ."

"ನಡತೆ ಹೇಗೆ ಸಾರ್?"

"ನಡತೆಗೇನು, ಚಿನ್ನ. ಹೋಗ್ಬಿಡ್ತಾನಲ್ಲ ಅಂತ ನಂಗೇ ಸಂಕಟ. ಆದ್ರೂ ಹೋಗ್ಲಿ ಬಿಡಿ. ಅವರಮ್ಮ ಆಗ್ಲೇ ಬೀದಿಗೆಲ್ಲ ಹೇಳ್ಕೊಂಡು ಬಂದಾಯ್ತು."

ಹಸಿರು. ಇನ್ನು ಯೂನಿವರ್ಸಿಟಿಯಿಂದ ಡಿಗ್ರಿಯ ಉತ್ತರ ಬಂದರೆ ಮುಗಿಯಿತು.

ಜೂನ್ 12, ಗುರುವಾರ, ಬೆಳಿಗ್ಗೆ 11

ಮೇಲ್ ಬಂತು. ಎರಡೇ ಸಾಲು. "ತಾವು ತಿಳಿಸಿದ ಹೆಸರಿನ ಪದವಿ ನಮ್ಮ ವಿಶ್ವವಿದ್ಯಾಲಯದ ದಾಖಲೆಗಳಲ್ಲಿ ಇರುವುದಿಲ್ಲ. ಅಭ್ಯರ್ಥಿಯ ಹೆಸರೂ ಕಂಡುಬಂದಿಲ್ಲ."

ಮತ್ತೆ ಮತ್ತೆ ಓದಿದೆ. ಅದೇ ಹೆಸರಿನ ಪದವಿ ನಮ್ಮ ಮನೆ ಗೋಡೆಯಲ್ಲಿ ಫ್ರೇಮ್ ಹಾಕಿಸಿಕೊಂಡು ಕೂತಿದೆ.

ಮಧ್ಯಾಹ್ನ 3

ಮೇಡಂ ನನ್ನ ಹಿಂದೆ ಬಂದು ನಿಂತು ಸ್ಕ್ರೀನ್ ಓದಿದರು. "ಫೇಕ್. ಕೆಂಪು ಹಾಕಿ ಕ್ಲೋಸ್ ಮಾಡು."

"ಮೇಡಂ, ಅವ್ರೇ ತಪ್ಪು ನೋಡಿರಬಹುದು. ಈ ಕೋರ್ಸ್ ಇತ್ತು."

"ನಿಂಗೆ ಹೇಗೆ ಗೊತ್ತು?"

ಬಾಯಿಗೆ ಬಂದದ್ದನ್ನು ನುಂಗಿದೆ. "ಪೇಪರಲ್ಲಿ ಜಾಹೀರಾತು ನೋಡಿದ್ದೆ."

"ಜಾಹೀರಾತು ಯಾವ ದಾಖಲೆ ಆಗತ್ತಮ್ಮ? ಸರಿ, ಸೋಮವಾರದವರೆಗೆ ಇಟ್ಕೋ."

ಜೂನ್ 13, ಶುಕ್ರವಾರ

ಹೊಟ್ಟೆನೋವು ಎಂದು ರಜೆ ಹಾಕಿ ಯೂನಿವರ್ಸಿಟಿಗೆ ಹೋದೆ.

ಗೇಟಿನಲ್ಲಿ ಹೊಸ ಬೋರ್ಡು. ನಗುವ ಹುಡುಗಿ, ಕೈಯಲ್ಲಿ ಟ್ಯಾಬ್ಲೆಟ್. ವೆಲ್‌ನೆಸ್ ಟೆಕ್ನಾಲಜಿ, ಸ್ಪೇಸ್ ಟೂರಿಸಂ ಮ್ಯಾನೇಜ್‌ಮೆಂಟ್. ನಮ್ಮ ಲ್ಯಾಬಿಗೆ ಕನ್ನಡಿ ಬಡಿದು ಚಾಪೆ ಹಾಸಿದ್ದಾರೆ. ಕೊಲೆ ನಡೆದ ಜಾಗದಂತೆ ಸಜ್ಜು ಮಾಡಿದ್ದ ರೂಮಿಗೆ ಇಣುಕಿದೆ. ಮುರಿದ ಕುರ್ಚಿಗಳು. ಮೂಲೆಯಲ್ಲಿ ನಮ್ಮ ರಬ್ಬರ್ ಹೆಣ. ವಾರವಾರವೂ ಒಂದೊಂದು ರೀತಿ ಸಾಯುತ್ತಿದ್ದ, ನಾವು "ಭಾವ" ಎಂದು ಕರೆಯುತ್ತಿದ್ದೆವು. ಈಗ ಅವನ ತಲೆಯ ಮೇಲೆ ಯಾರೋ ನೆಲ ಒರೆಸುವ ಬಟ್ಟೆ ಒಣಹಾಕಿದ್ದಾರೆ.

ಪರೀಕ್ಷಾ ವಿಭಾಗದ ಗುಮಾಸ್ತರು ಒಳ್ಳೆಯವರು. ಕೂರಿಸಿ ನೀರು ಕೊಟ್ಟರು.

"ನಿಮ್ಮ ಕೋರ್ಸು ಎರಡೇ ಬ್ಯಾಚಿಗೆ ನಿಂತುಹೋಯ್ತಮ್ಮ. ಆಮೇಲೆ ಹೊಸ ಸಾಫ್ಟ್‌ವೇರ್ ಬಂತು. ನಡೀತಿರೋ ಕೋರ್ಸುಗಳನ್ನ ಮಾತ್ರ ಏರಿಸಿದ್ರು."

"ಹಾಗಾದ್ರೆ ನಾವು?"

"ನೀವಿದೀರಿ. ಕೋರ್ಸಿಗೆ ಕೋಡ್ ಇಲ್ಲ."

"ನನ್ನ ಸರ್ಟಿಫಿಕೇಟ್ ಫ್ರೇಮಿಂದ ತೆಗೆದು ತಂದಿದೀನಿ ಸಾರ್. ನಿಮ್ಮದೇ ಸೀಲು, ನಿಮ್ಮ ರಿಜಿಸ್ಟ್ರಾರ್ ಸಹಿ."

ಕನ್ನಡಕ ಏರಿಸಿ ನೋಡಿದರು. "ಅಸಲೇ ಇದು. ಯಾರಿಲ್ಲ ಅಂದ್ರು? ಆದ್ರೆ ನಾನು ಹಾಗಂತ ಬರೆದುಕೊಡೋಕೆ ಬರಲ್ಲ. ಕಮಿಟಿ ಕೂರಬೇಕು. ಅರ್ಜಿ ಕೊಟ್ಟು ಹೋಗಿ."

"ಕಮಿಟಿ ಯಾವಾಗ ಕೂರತ್ತೆ?"

"ಹೊಸ ಕುಲಪತಿ ಬರಬೇಕು."

ಅರ್ಜಿ ಕೊಟ್ಟೆ. ಹೊರಗೆ ಬರುತ್ತಿದ್ದರೆ ಅಡ್ಮಿಷನ್ ಕೌಂಟರಿನ ಹುಡುಗಿ ಓಡಿಬಂದಳು. "ಅಕ್ಕಾ, ಯಾವ ಕೋರ್ಸ್ ನೋಡ್ತಿದೀರಾ? ಪ್ಲೇಸ್‌ಮೆಂಟ್ ಗ್ಯಾರಂಟಿ." ನನಗಿಂತ ಚಿಕ್ಕವಳು. ಬೈಯಬೇಕೆಂದುಕೊಂಡೆ. ಅವಳ ಬ್ಯಾಡ್ಜಿನಲ್ಲಿ "ಟ್ರೈನಿ" ಎಂದಿತ್ತು. "ನೀನೇನು ಓದಿದೀಯಮ್ಮ?" ಎಂದೆ. ಹಿಂದೆ ತಿರುಗಿ ಯಾರಿಲ್ಲವೆಂದು ನೋಡಿಕೊಂಡಳು. "ಹ್ಯಾಪಿನೆಸ್ ಸ್ಟಡೀಸ್ ಅಕ್ಕಾ. ಇಲ್ಲೇ."

ಜೂನ್ 15, ಭಾನುವಾರ

ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ, ಹಾಸಿಗೆಯ ಬಟ್ಟೆ ಒಗೆದು ಮಡಿಸುವ ಕಡೆ. ಭಾನುವಾರ ಮನೆಯಲ್ಲೂ ಏನಾದರೂ ಮಡಿಸುತ್ತಲೇ ಇರುತ್ತಾಳೆ.

"ನಿನ್ನ ಸರ್ಟಿಫಿಕೇಟ್ ತೋರಿಸಿದ್ರೆ ಅವನ್ದು ನಿಜ ಅಂತ ಆಗತ್ತಾ?"

"ಆಗಬೇಕು. ಒಂದೇ ಸೀಲು, ಒಂದೇ ಸಹಿ. ಆದ್ರೆ ಗೊತ್ತಿರೋರ ಫೈಲು ಅಂತ ಮುಚ್ಚಿಟ್ಟಿದ್ದು ಹೊರಗೆ ಬರತ್ತೆ."

"ಕೆಲಸ ಹೋಗತ್ತಾ?"

"ಹೋಗಬಹುದು."

ಟವೆಲಿನ ಅಂಚು ಸರಿಮಾಡುತ್ತ ಕೂತಳು. "ಆ ಹುಡುಗ ನಮ್ಮನೆಗೆ ಬಂದಿದ್ನಲ್ಲ, ನೀನು ಜ್ವರ ಬಂದು ಮಲಗಿದಾಗ, ನೋಟ್ಸ್ ಕೊಡೋಕೆ. ತಲೆ ತಗ್ಗಿಸ್ಕೊಂಡೇ ಕಾಫಿ ಕುಡಿದು ಹೋದ."

ಮಾಡು ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಜೂನ್ 16, ಸೋಮವಾರ

ಮಾಡಿದೆ.

ನನ್ನ ಸರ್ಟಿಫಿಕೇಟಿನ ಪ್ರತಿ ಲಗತ್ತಿಸಿದೆ. ಎರಡರ ಸೀಲು, ಸಹಿ, ಕಾಗದ, ಅಕ್ಷರದ ಅಂತರ ಎಲ್ಲ ಹೋಲಿಸಿ ಟಿಪ್ಪಣಿ ಬರೆದೆ. ಮೂರು ವರ್ಷ ಓದಿದ್ದನ್ನು ಬದುಕಿನಲ್ಲಿ ಮೊದಲ ಬಾರಿ ಕೆಲಸಕ್ಕೆ ಹಚ್ಚಿದೆ. ಚೆನ್ನಾಗಿ ಬರೆದೆ. ಬರೆಯುವಾಗ ಸುಖವಾಗಿತ್ತು, ಅದನ್ನೂ ಇಲ್ಲಿ ಹೇಳಿಕೊಳ್ಳುತ್ತೇನೆ. ಕೊನೆಗೆ: ಅಭ್ಯರ್ಥಿ ನನ್ನ ಸಹಪಾಠಿ.

ಮೇಡಂ ಓದಿದರು.

"ನೀನು ಸೇರುವಾಗ ನಿನ್ನ ಡಿಗ್ರಿ ಯಾರು ಚೆಕ್ ಮಾಡಿದ್ರು?"

"ಯಾರೂ ಮಾಡಿಲ್ಲ ಮೇಡಂ. ಆಗ ಜನ ಅರ್ಜೆಂಟಾಗಿ ಬೇಕಿತ್ತು."

"ಅಯ್ಯೋ ದೇವರೇ. ಕೆಂಪು ಹಾಕಿ ಸುಮ್ನೆ ಇರಬಾರ್ದಿತ್ತೇನೇ? ಈಗ ಇದನ್ನ ನಾನು ಮೇಲಕ್ಕೆ ಕಳಿಸಲೇಬೇಕು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಜೂನ್ 19, ಗುರುವಾರ

ಯೂನಿವರ್ಸಿಟಿಗೆ ನನ್ನ ಹೆಸರು ಕಳಿಸಿ ಕೇಳಿದ್ದಾರೆ. ನಮ್ಮ ಆಫೀಸಿನ ಮೇಲ್, ನಾನೇ ಹಿಂದೆ ಟೈಪ್ ಮಾಡಿಟ್ಟ ಮಾದರಿ. ಉತ್ತರವೂ ಅದೇ, ಎರಡು ಸಾಲು.

ಒಂದು ಫೇಕ್ ಇದ್ದದ್ದು ಎರಡಾಯಿತು. ಅವನಿಗೆ ಕೆಂಪು. ನನಗೂ ಕೆಂಪು.

ಎಚ್ಆರ್‌ನವರು ಕರೆಸಿದರು. ತೆಗೆದುಹಾಕುತ್ತಿಲ್ಲವಂತೆ, "ತನಿಖೆ ಮುಗಿಯುವವರೆಗೆ ವಿರಾಮ"ವಂತೆ. ಅಳಿಯ ಅಲ್ಲ, ಮಗಳ ಗಂಡ. ಕಾರ್ಡ್ ಇಸಿದುಕೊಂಡರು. ಕೆಳಗೆ ಇಳಿದ ಮೇಲೆ ನೆನಪಾಯಿತು, ನೀರಿನ ಬಾಟಲಿ ಡೆಸ್ಕಿನಲ್ಲೇ ಉಳಿದಿದೆ. ಹೋಗಿ ತರಲು ಬಾಗಿಲು ತೆರೆಯುವ ಕಾರ್ಡ್ ಇಲ್ಲ.

ಜುಲೈ 8, ಮಂಗಳವಾರ

ಬರೆಯುವುದಕ್ಕೇನೂ ಇರಲಿಲ್ಲ. ಕಮಿಟಿ ಕೂತಿಲ್ಲ. ಕುಲಪತಿ ಬಂದಿಲ್ಲ. ಅಜ್ಜಿ ಕಳ್ಳನ ವಿಷಯ ಕೇಳುವುದು ಬಿಟ್ಟಿದ್ದಾಳೆ.

ಇವತ್ತು ಪೇಂಟ್ ಅಂಗಡಿಗೆ ಹೋದೆ. ಪೌಡರ್ ಸ್ಟೂಲಿನ ಮೇಲೆ ಕೂತು ಡಬ್ಬಿಯೊಳಗೆ ಕೋಲು ತಿರುಗಿಸುತ್ತಿದ್ದ. ತೋಳಿನ ಮೇಲೆ ಈಗ ಹಸಿರು, ಹಳದಿ, ಕೆಂಪು.

"ನನ್ನ ಫೈಲು ನಿನ್ನ ಹತ್ರಾನೇ ಬಂದಿತ್ತಂತೆ."

"ಹೂಂ."

"ನೀನೂ ನಿನ್ನ ಸರ್ಟಿಫಿಕೇಟ್ ಹಾಕಿದ್ಯಂತೆ."

"ಯಾರು ಹೇಳಿದ್ರು?"

"ಇನ್ಶೂರೆನ್ಸ್‌ನೋರು. ನಿಮ್ಮದೊಂದು ಗ್ಯಾಂಗೇ ಇದೆಯಂತಲ್ರೀ ಅಂದ್ರು." ನಕ್ಕ. "ಮುಳುಗ್ತಿದ್ದೋನನ್ನ ಎತ್ತೋಕೆ ಈಜು ಬಾರದೋಳು ಹಾರಿದ ಹಾಗಾಯ್ತಲ್ಲೇ."

ನನಗೂ ನಗು ಬಂತು. ಆಮೇಲೆ ಇಬ್ಬರಿಗೂ ನಿಂತಿತು.

"ಬೇಜಾರಾಗಿಲ್ವಾ?"

"ನಂಗಲ್ಲ. ಅಮ್ಮ ಬೀದಿ ಬದಲಾಯಿಸಿದಾಳೆ. ತರಕಾರಿಗೆ ಸುತ್ತಿ ಬಳಸಿ ಹೋಗ್ತಾಳೆ, ಯಾರೂ ಕೇಳಬಾರ್ದು ಅಂತ." ಕೋಲು ಎತ್ತಿ ಬಣ್ಣ ನೋಡಿದ, ಇನ್ನೊಂದು ಹನಿ ಕಪ್ಪು ಹಾಕಿದ. "ಒಂದು ಮಾತು ಹೇಳ್ತೀನಿ ಕೇಳು. ಇನ್ಮೇಲೆ ಎಲ್ಲಿ ಅರ್ಜಿ ಹಾಕಿದ್ರೂ ಹನ್ನೆರಡನೇ ಕ್ಲಾಸ್ ಪಾಸ್ ಅಂತ ಬರಿ. ಅದು ಎಲ್ಲಾ ಸಾಫ್ಟ್‌ವೇರಲ್ಲೂ ಇರತ್ತೆ."

ಅಷ್ಟರಲ್ಲಿ ಗಿರಾಕಿ ಬಂದರು. ಎದ್ದು ಹೋದ.

ಜುಲೈ 22, ಮಂಗಳವಾರ

ವಿರಾಮ ಮುಗಿಯಿತು. ಅಂದರೆ ಕೆಲಸ ಹೋಯಿತು. ಕೊರಿಯರ್ ಆಫೀಸಿನ ಬುಕಿಂಗ್ ಕೌಂಟರಿಗೆ ಜನ ಬೇಕಂತೆ. ಅರ್ಜಿ ಹಾಕಿದೆ. ಹನ್ನೆರಡನೇ ಕ್ಲಾಸ್ ಪಾಸ್. ಬರೆದಾದ ಮೇಲೆ ಅದನ್ನೇ ನೋಡುತ್ತ ಕೂತಿದ್ದೆ.

ಜುಲೈ 27, ಭಾನುವಾರ

ನಾಳೆ ಇಂಟರ್‌ವ್ಯೂ. ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಪ್ರಾಕ್ಟೀಸ್ ಮಾಡಿದೆ.

"ಹನ್ನೆರಡು ಆದ ಮೇಲೆ ಇಷ್ಟು ವರ್ಷ ಏನ್ ಮಾಡ್ತಿದ್ರಿ ಅಂತ ಕೇಳ್ತಾರಮ್ಮ. ಏನ್ ಹೇಳ್ಲಿ? ಓದ್ತಿದ್ದೆ ಅನ್ನೋ ಹಾಗಿಲ್ಲ."

ಅಮ್ಮ ದಿಂಬಿನ ಚೀಲ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನಂಗೆ ಹುಷಾರಿರ್ಲಿಲ್ಲ ಅನ್ನು. ಮನೇಲಿದ್ದು ನೋಡ್ಕೊಂಡೆ ಅನ್ನು."

"ಥೂ, ಬಿಡ್ತು ಅನ್ನಮ್ಮ."

"ಅದ್ರಲ್ಲೇನಿದೆ. ಅದನ್ನ ಯಾರೂ ಫೋನ್ ಮಾಡಿ ಕೇಳಲ್ವಲ್ಲ."

ಇಷ್ಟು ವರ್ಷದಲ್ಲಿ ಒಂದು ದಿನ ಲಾಂಡ್ರಿಗೆ ರಜೆ ಹಾಕಿದವಳಲ್ಲ ಅಮ್ಮ. ಗೋಡೆಯ ಫ್ರೇಮನ್ನು ಅವಳೇ ಒರೆಸುವುದು, ಇವತ್ತೂ ಒರೆಸಿದಳು.

ಜುಲೈ 28, ಸೋಮವಾರ, ಸಂಜೆ

ಹೋಗಿಬಂದೆ.

ಕೊರಿಯರ್ ಆಫೀಸಿನ ಮ್ಯಾನೇಜರ್ ವಯಸ್ಸಾದವರು, ನರೆತ ಕೂದಲು, ಮೆತ್ತಗಿನ ಮಾತು. ತೂಕದ ಮೆಷಿನ್ ಗೊತ್ತಾ, ಕಂಪ್ಯೂಟರ್ ಬರತ್ತಾ ಎಂದೆಲ್ಲ ಕೇಳಿದರು. ಬರತ್ತೆ ಅಂದೆ. ಅರ್ಜಿ ತಿರುಗಿಸಿ ನೋಡಿದರು. "ಹನ್ನೆರಡಕ್ಕೇ ನಿಲ್ಲಿಸಿಬಿಟ್ರಲ್ಲಮ್ಮ. ಮಾರ್ಕ್ಸ್ ಚೆನ್ನಾಗಿದೆಯಲ್ಲ. ಯಾಕೆ ಓದ್ಲಿಲ್ಲ?"

ಕಲಿತಿದ್ದನ್ನು ಒಪ್ಪಿಸಿದೆ. ಅಮ್ಮನಿಗೆ ಹುಷಾರಿರಲಿಲ್ಲ ಸಾರ್, ನೋಡಿಕೊಳ್ಳೋರು ಯಾರೂ ಇರಲಿಲ್ಲ.

ಪೆನ್ನು ಕೆಳಗಿಟ್ಟರು. ಕೆಲಸದ ಮಾತು ನಿಲ್ಲಿಸಿ, ನನ್ನ ಮುಖ ನೋಡಿ, ನಿಜವಾಗಿಯೂ ತಿಳಿಯಬೇಕು ಅನ್ನುವಂತೆ ಕೇಳಿದರು: "ಈಗ ಹೇಗಿದಾರಮ್ಮ?"

ನಾನು "ಚೆನ್ನಾಗಿದಾರೆ ಸಾರ್" ಅಂದೆ, ಅಷ್ಟು ಮಾತ್ರ ನಿಜ.