ಹೆಸರಿಲ್ಲದವನ ಎಡೆ

ಅಣ್ಣ,

ಇವತ್ತು ಪಿತೃಪಕ್ಷ, ನಿನಗೆ ಮೊದಲ ಎಡೆ. ಮುದ್ದೆ, ಬಾಡಿನ ಸಾರು, ನಿನ್ನ ಮಿಲಿಟರಿ ರಮ್ಮು ಇಟ್ಟು ಅಮ್ಮ ಧೂಪ ಹಾಕುವಾಗ ಪೊಲೀಸರು ನಗರಗೆರೆಯ ನಮ್ಮ ಮನೆಗೆ ಬಂದರು. ನೀನು ಸೈನ್ಯದಲ್ಲಿದ್ದಾಗ ಗಡಿಯ ಕಾಡಿನಲ್ಲಿ ನಿಮ್ಮ ತುಕಡಿ ಉಗ್ರನೆಂದು ಕೊಂದ ಮನುಷ್ಯ ಸೌದೆಗೆ ಹೋಗಿದ್ದವನಂತೆ. ಅವನ ತಾಯಿ ಹೂಡಿದ ಕೇಸು ಈಗ ವಿಚಾರಣೆಗೆ ಬಂದಿದೆ. ಬಂದೂಕಿನ ಕುದುರೆ ಎಳೆದ ಬೆರಳು ನಮ್ಮ ಕೇರಿಯದು, ಮಣ್ಣಾಯಿತು. ಎಳೆ ಎಂದ ಬಾಯಿ ಇನ್ನೂ ಪಿಂಚಣಿ ಉಣ್ಣುತ್ತಿದೆ. ಮನೆಯಲ್ಲಿ ನೀನು ಏನಾದರೂ ಹೇಳಿದ್ದೆಯಾ ಎಂದು ಪೊಲೀಸರು ಕೇಳಿದರು.

"ದೇಶ ಕಾದೋನ್ ಕಣಪ್ಪ ಅವ್ನು. ಎಡೆ ಮುಂದಕ್ಕೆ ಕೋರ್ಟ್ ತರ್ತೀರಾ?" ಎಂದ ಕೋನಪ್ಪ ಚಿಕ್ಕಪ್ಪ. ಬೀದಿಯಲ್ಲಿ ನ್ಯಾಯ ಕೂಗುವ ನಾನು ಧೂಪದ ಕೆಂಡ ಊದುತ್ತಾ ಕೂತೆ.

ಅಮ್ಮ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ ಬಡಿಸಿದಳು. ನಿವೃತ್ತನಾಗಿ ಬಂದ ಮೇಲೆ ಪ್ರತಿ ಪಕ್ಷಕ್ಕೂ ನೀನೇ ಹಾಸುತ್ತಿದ್ದ ಎಲೆ. ಅದಕ್ಕೆ ಮಾತ್ರ ರಮ್ಮು ಇಡುತ್ತಿರಲಿಲ್ಲ. "ಕುಡೀತಿದ್ನೋ ಇಲ್ವೋ, ಗೊತ್ತಿಲ್ಲ," ನೀನು ಅನ್ನುತ್ತಿದ್ದೆ. ಯಾರು ಎಂದು ನಾನು ಕೇಳಲಿಲ್ಲ. ಅಮ್ಮ ಕೇಳಿದ್ದಳು.

"ಸೌದೆ ಕೆಳಗಾಕಿ ಕೈ ಎತ್ಕೊಂಡು ನಿಂತಿದ್ನಂತೆ. ಸಾಹೇಬ ಹೊಡಿ ಅಂದ. ನನ್ ಮಗ ಹೊಡ್ದ. ಬರ್ಕೊಳಪ್ಪ," ಎಂದಳು ಪೊಲೀಸಿನವನಿಗೆ.

"ಅತ್ತಿಗೆ, ನಿನ್ ಮಗನ್ ಹೆಸ್ರು ಹಾಳಾಗ್ತದೆ."

"ಇಷ್ಟ್ ವರ್ಷ ಇವ್ನಿಗೆ ಹೆಸ್ರೇ ಇಲ್ದೆ ಎಡೆ ಇಟ್ವಲ್ಲಪ್ಪ," ಎಂದು ಅಮ್ಮ ಪೊಲೀಸಿನವನ ಕಡೆ ತಿರುಗಿದಳು. "ಏನವನ ಹೆಸ್ರು?"

ಅವನು ಹೇಳಿದ. ಅಮ್ಮನ ನಾಲಿಗೆ ತಡವರಿಸಿತು. ಮತ್ತೆ ಹೇಳಿಸಿಕೊಂಡು, ಸರಿಯಾಗಿ ಹೆಸರು ಹಿಡಿದು ಕರೆದು, ಆ ಎಲೆಗೆ ನೀರು ಬಿಟ್ಟಳು.

ನಿನಗೆ ಆಮೇಲೆ ಬಿಟ್ಟಳು.